ಚಮಕೌರಿನ ಮಣ್ಣಿನ ಮನೆ

ಪಂಜಾಬಿನ ರೂಪನಗರ ಜಿಲ್ಲೆಯ ಚಮಕೌರ್ ಸಾಹಿಬ್ ಇವತ್ತು ಒಂದು ಸಣ್ಣ ಪಟ್ಟಣ. ಮುನ್ನೂರಿಪ್ಪತ್ತು ವರ್ಷಗಳ ಹಿಂದೆ ಅದು ಹೊಲಗಳ ನಡುವಿನ ಹಳ್ಳಿ. ಒಂದು ಚಳಿಗಾಲದ ಸಂಜೆ ಸಿಖ್ಖರ ಹತ್ತನೆಯ ಗುರು ಗೋವಿಂದ ಸಿಂಗರು ಸುಮಾರು 40 ಜನರೊಂದಿಗೆ ಆ ಊರಿನ ಜಮೀನ್ದಾರನ ಮಣ್ಣಿನ ಮನೆಯೊಂದನ್ನು ಹೊಕ್ಕರು. ಮಾರನೆಯ ದಿನ ಹೊತ್ತು ಮುಳುಗುವಷ್ಟರಲ್ಲಿ ಆ ನಲವತ್ತರಲ್ಲಿ ಬೆರಳೆಣಿಕೆಯ ಜನ ಉಳಿದಿದ್ದರು. ಗುರುವಿನ ಇಬ್ಬರು ದೊಡ್ಡ ಮಕ್ಕಳು ಗೋಡೆಯಾಚೆ ಸತ್ತು ಬಿದ್ದಿದ್ದರು. ನಡೆದದ್ದು ಒಂದೇ ಹಗಲಿನ ಕಾಳಗ. ಮೊಗಲ್ ಪಡೆಗೆ ಕೊನೆಗೆ ದಕ್ಕಿದ್ದು ಒಂದು ಖಾಲಿ ಮನೆ.

ಕಾಳಗ ನಡೆದ ವರ್ಷದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಪೋಹ್ ಮಾಸದ, ಅಂದರೆ ನಮ್ಮ ಪುಷ್ಯದ, 8ನೆಯ ದಿನ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದು ವಿಕ್ರಮ ಸಂವತ್ 1761ರ ಪೋಹ್ ಮಾಸವೋ 1762ರದೋ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಹೀಗಾಗಿ ಕೆಲವು ಪುಸ್ತಕಗಳಲ್ಲಿ 1704ರ ಡಿಸೆಂಬರ್ ಎಂದಿದ್ದರೆ ಇನ್ನು ಕೆಲವುಗಳಲ್ಲಿ 1705ರ ಡಿಸೆಂಬರ್ ಎಂದಿದೆ. ಇವೆರಡರ ನಡುವಿನ ವರ್ಷದಲ್ಲಿ ಬಾದಶಹ ಔರಂಗಜೇಬ್ ಎಲ್ಲಿದ್ದ ಎಂಬುದು ಮಾತ್ರ ಖಚಿತವಾಗಿ ಗೊತ್ತು. 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಮುದುಕ ಸುರಪುರ ಸೀಮೆಯ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿ, ಬೇಡರ ಪಿಡ್ಡನಾಯಕನೊಡನೆ ತನ್ನ ಬದುಕಿನ ಕೊನೆಯ ದಂಡಯಾತ್ರೆ ನಡೆಸುತ್ತಿದ್ದ. ಆಮೇಲೆ ಪಕ್ಕದ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಅಲ್ಲೇ ಉಳಿದ. ಪಂಜಾಬಿನ ಫೌಜದಾರರು, ಸುಬೇದಾರರು ಅಪ್ಪಣೆ ಬೇಡಿ ಬರೆಯುತ್ತಿದ್ದದ್ದು ದಖ್ಖನಿನಲ್ಲಿ ಸಿಕ್ಕಿಕೊಂಡಿದ್ದ ಈ ಬಾದಶಹನಿಗೆ.

ಜಗಳದ ಮೂಲವಿದ್ದದ್ದು ಆನಂದಪುರದಲ್ಲಿ. ಶಿವಾಲಿಕ್ ಬೆಟ್ಟಗಳ ಬುಡದಲ್ಲಿ, ಸಟ್ಲೆಜ್ ನದಿಯ ಸಮೀಪ, ಒಂಬತ್ತನೆಯ ಗುರು ತೇಗ್ ಬಹಾದ್ದೂರರು 1665ರಲ್ಲಿ ಕಟ್ಟಿದ ಊರು ಅದು. ನೆಲ ಕಹಲೂರ್ ಎಂಬ ಸಣ್ಣ ಬೆಟ್ಟದ ಸಂಸ್ಥಾನದ ಗಡಿಯೊಳಗಿನದು. ಮಗ ಗೋವಿಂದರ ಕಾಲಕ್ಕೆ ಅಲ್ಲಿ ಆನಂದಗಢ, ಕೇಶಗಢ, ಲೋಹಗಢ, ಫತೇಗಢ, ಹೋಲ್‌ಗಢ ಎಂದು ಕೋಟೆಗಳೆದ್ದವು. ನಗಾರಿ ಮೊಳಗತೊಡಗಿತು. ಶಿಷ್ಯರು ಕಾಣಿಕೆಯಾಗಿ ಕುದುರೆ, ಆಯುಧಗಳನ್ನು ತರತೊಡಗಿದರು. ಯಾವ ರಾಜನಾದರೂ ತನ್ನ ಅಂಗಳದಲ್ಲಿ ಇಂಥದ್ದು ಬೆಳೆಯುವುದನ್ನು ಸುಮ್ಮನೆ ನೋಡಲಾರ. 1699ರ ಬೈಸಾಖಿಯಂದು ಖಾಲ್ಸಾ, ಅಂದರೆ ಅಮೃತದ ದೀಕ್ಷೆ ಪಡೆದ ಸಿಖ್ಖರ ಪಂಥ, ಹುಟ್ಟಿದ ಮೇಲಂತೂ ಸುತ್ತಲಿನ ಬೆಟ್ಟದ ರಜಪೂತ ರಾಜರ ಕಸಿವಿಸಿ ಇಮ್ಮಡಿಯಾಯಿತು. ಜಾತಿ ಬಿಟ್ಟು ಒಂದೇ ಬಟ್ಟಲಿನಿಂದ ಅಮೃತ ಕುಡಿದವರು ಖಡ್ಗ ಕಟ್ಟಿಕೊಂಡು ಓಡಾಡುವುದು ಅವರ ಲೋಕದ ಕಟ್ಟಳೆಗೆ ಹೊಂದುವ ಮಾತಾಗಿರಲಿಲ್ಲ.

ಆ ಬೈಸಾಖಿಯಂದು ಗುರು ಕೇಳಿದಾಗ ತಲೆ ಕೊಡಲು ಮುಂದೆ ಬಂದ ಐವರನ್ನು ಸಿಖ್ಖರು ಪಂಜ್ ಪ್ಯಾರೆ, ಅಂದರೆ ಐವರು ಪ್ರಿಯರು, ಎನ್ನುತ್ತಾರೆ. ಲಾಹೋರಿನ ಖತ್ರಿ ದಯಾರಾಮ್, ಹಸ್ತಿನಾಪುರದ ಜಾಟ ಧರ್ಮದಾಸ್, ಜಗನ್ನಾಥಪುರಿಯ ನೀರು ಹೊರುವ ಹಿಮ್ಮತ್ ರಾಯ್, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಮೊಹಕಮ್ ಚಂದ್. ಐದನೆಯವನು ಬೀದರಿನ ಕ್ಷೌರಿಕ ವೃತ್ತಿಯ ಸಾಹಿಬ್ ಚಂದ್. ದೀಕ್ಷೆಯ ನಂತರ ಎಲ್ಲರ ಹೆಸರಿಗೂ ಸಿಂಗ್ ಸೇರಿತು. ಅವರಿಗೆ ಅಮೃತ ಕೊಟ್ಟ ಗುರು, ಮರುಗಳಿಗೆ ಕೈಮುಗಿದು ಅವರಿಂದಲೇ ತಾನೂ ಅಮೃತ ಪಡೆದರು. ಗುರು ಶಿಷ್ಯನಾಗಿ ನಿಂತ ಈ ಸಂದರ್ಭ ಚಮಕೌರಿನ ಕಥೆಗೆ ಕೀಲಿಕೈ ಇದ್ದಂತೆ. ಸಾಹಿಬ್ ಸಿಂಗ್, ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್ ಈ ಮೂವರ ಕಥೆ ಚಮಕೌರಿನಲ್ಲೇ ಮುಗಿಯುತ್ತದೆ.

ಕಹಲೂರಿನ ರಾಜ ಅಜ್ಮೇರ್ ಚಂದ್ ಮತ್ತು ನೆರೆಯ ರಾಜರು ಒಬ್ಬೊಬ್ಬರೇ ಆನಂದಪುರದ ಮೇಲೆ ಬಿದ್ದು ನೋಡಿದರು. ಆಗದಿದ್ದಾಗ ಮೊಗಲರ ಮೊರೆಹೊಕ್ಕರು. ಸರ್ಹಿಂದಿನ ಫೌಜದಾರ ವಜೀರ್ ಖಾನ್ ದಂಡು ತಂದ, ಲಾಹೋರಿನ ಕಡೆಯಿಂದಲೂ ಸೈನ್ಯ ಬಂತು. ಬೇಸಿಗೆಯಲ್ಲಿ ಶುರುವಾದ ಮುತ್ತಿಗೆ ಚಳಿಗಾಲದವರೆಗೆ ಎಳೆಯಿತು. ಕೋಟೆಗೆ ಏಣಿ ಹಾಕಿ ಹತ್ತುವ ಸಾಹಸವನ್ನು ಮೊಗಲರು ಬೇಗ ಕೈಬಿಟ್ಟರು. ದಾರಿಗಳನ್ನು ಕಟ್ಟಿ, ಕಾಳು ಒಳಹೋಗದಂತೆ ತಡೆದು ಕೂತರು. ಮುತ್ತಿಗೆಯ ಯುದ್ಧದಲ್ಲಿ ಫಿರಂಗಿಗಿಂತ ಹಸಿವು ಹೆಚ್ಚು ಕೆಲಸ ಮಾಡುತ್ತದೆ.

ಭಾಯಿ ಕನ್ಹಯ್ಯಾ ಎಂಬ ಶಿಷ್ಯ ತೊಗಲಿನ ಚೀಲದಲ್ಲಿ ನೀರು ಹೊತ್ತು ಗಾಯಾಳುಗಳಿಗೆ ಕುಡಿಸುತ್ತಿದ್ದ ಕಥೆಯನ್ನು ಪರಂಪರೆ ಈ ಆನಂದಪುರದ ಕಾಳಗಗಳಿಗೆ ಸೇರಿಸಿ ಹೇಳುತ್ತದೆ. ಬಿದ್ದವನು ಸಿಖ್ಖನೋ ಮೊಗಲನೋ ಎಂದು ಆತ ನೋಡುತ್ತಿರಲಿಲ್ಲವಂತೆ. ದೂರು ಹೋದಾಗ ಗುರು ಅವನ ಕೈಗೆ ಮುಲಾಮನ್ನೂ ಕೊಟ್ಟು ಕಳಿಸಿದರಂತೆ. ಹಸಿವು ತಾಳಲಾರದೆ ಹೊರಟುಹೋದವರೂ ಇದ್ದರು. ಮಾಝಾ ಸೀಮೆಯ 40 ಜನ, ನೀವು ನಮ್ಮ ಗುರುವಲ್ಲ, ನಾವು ನಿಮ್ಮ ಶಿಷ್ಯರಲ್ಲ ಎಂಬ ಅರ್ಥದ ಬೇದಾವಾ ಪತ್ರ ಬರೆದುಕೊಟ್ಟು ಊರಿಗೆ ಮರಳಿದರು. ಇವರು ಚಮಕೌರಿನ ನಲವತ್ತು ಮಂದಿಯಲ್ಲ. ಸಿಖ್ ಇತಿಹಾಸದಲ್ಲಿ ನಲವತ್ತರ ಗುಂಪುಗಳು ಎರಡು, ಓದುಗರು ಬೆರೆಸಿಕೊಳ್ಳುವುದು ಸಾಮಾನ್ಯ.

ಕೊನೆಗೆ ಸಂಧಾನದ ಮಾತು ಬಂತು. ಆನಂದಪುರ ಬಿಟ್ಟು ಹೋದರೆ ಯಾರೂ ಮುಟ್ಟುವುದಿಲ್ಲವೆಂದು ಮೊಗಲ್ ಅಧಿಕಾರಿಗಳು ಕುರಾನಿನ ಮೇಲೆ, ಬೆಟ್ಟದ ರಾಜರು ಗೋವಿನ ಮೇಲೆ ಆಣೆಯಿಟ್ಟರು. ಗುರು ಈ ಆಣೆಯನ್ನು ಒರೆಗೆ ಹಚ್ಚಿ ನೋಡಿದ್ದನ್ನು ಪರಂಪರೆ ಹೀಗೆ ಹೇಳುತ್ತದೆ: ಹರಕು ಚಪ್ಪಲಿ, ಚಿಂದಿ ಬಟ್ಟೆ, ಕಸವನ್ನೆಲ್ಲ ಮೂಟೆ ಕಟ್ಟಿಸಿ, ಮೇಲೆ ಜರಿಯ ಹೊದಿಕೆ ಹಾಸಿ, ಎತ್ತುಗಳ ಬೆನ್ನಿಗೇರಿಸಿ ಖಜಾನೆಯೆಂಬಂತೆ ಹೊರಗೆ ಸಾಗಿಸಿದರು. ದಂಡಿನವರು ಮುಗಿಬಿದ್ದು ದೋಚಿದರು. ಹೊದಿಕೆ ಸರಿಸಿದಾಗ ಕಂಡದ್ದು ಹಳೆಯ ಜೋಡು. ಆಣೆಯ ಬೆಲೆ ಗೊತ್ತಾದರೂ ಒಳಗಿನವರಿಗೆ ಬೇರೆ ದಾರಿಯಿರಲಿಲ್ಲ.

ಪೋಹ್ ತಿಂಗಳ ಒಂದು ರಾತ್ರಿ ಗುರು, ತಾಯಿ ಮಾತಾ ಗುಜ್ರಿ, ನಾಲ್ವರು ಗಂಡುಮಕ್ಕಳು ಮತ್ತು ಉಳಿದ ಯೋಧರು ಆನಂದಪುರ ಬಿಟ್ಟರು. ಸ್ವಲ್ಪ ದೂರದಲ್ಲೇ ಬೆನ್ನ ಹಿಂದೆ ದಾಳಿಯಾಯಿತು. ಎದುರಿಗೆ ಸರ್ಸಾ. ಬೆಟ್ಟದಿಂದಿಳಿದು ಸಟ್ಲೆಜ್ ಸೇರುವ ಈ ಹೊಳೆ ಬೇರೆ ದಿನಗಳಲ್ಲಿ ಮೊಣಕಾಲುದ್ದವೂ ಇರುವುದಿಲ್ಲ. ಆ ರಾತ್ರಿ ಚಳಿಗಾಲದ ಮಳೆಗೆ ತುಂಬಿ ಹರಿಯುತ್ತಿತ್ತು. ಉದಯ್ ಸಿಂಗ್ ಒಂದು ತುಕಡಿಯೊಂದಿಗೆ ಹಿಂದೆ ನಿಂತು ಬೆನ್ನಟ್ಟಿದವರನ್ನು ತಡೆಹಿಡಿದು ಅಲ್ಲೇ ಮಡಿದ. ಕತ್ತಲಲ್ಲಿ, ಕೊರೆಯುವ ನೀರಿನಲ್ಲಿ ಜನ, ಕುದುರೆ, ಸಾಮಾನು ಕೊಚ್ಚಿಹೋದವು. ಗುರುವಿನ ಆಸ್ಥಾನದ ಕವಿಗಳು ವರ್ಷಗಟ್ಟಲೆ ಕೂತು ಬರೆದಿದ್ದ ಹಸ್ತಪ್ರತಿಗಳೂ ಹೊಳೆಯ ಪಾಲಾದವು. ಸಿಖ್ಖರ ಆರಂಭಕಾಲದ ಬಗ್ಗೆ ಇವತ್ತು ಇಷ್ಟೊಂದು ವಾದಗಳಿರುವುದಕ್ಕೆ ಆ ರಾತ್ರಿಯ ಹೊಳೆಯೂ ಒಂದು ಕಾರಣ. ಕುಟುಂಬ ಚದುರಿಹೋದ ಆ ಜಾಗದಲ್ಲಿ ಈಗ ಪರಿವಾರ್ ವಿಛೋಡಾ ಎಂಬ ಗುರುದ್ವಾರವಿದೆ. ವಿಛೋಡಾ ಎಂದರೆ ಅಗಲಿಕೆ. ಮಾತಾ ಗುಜ್ರಿ ಇಬ್ಬರು ಸಣ್ಣ ಮೊಮ್ಮಕ್ಕಳೊಂದಿಗೆ ಒಂದು ದಿಕ್ಕಾದರು. ಗುರು, ದೊಡ್ಡ ಮಕ್ಕಳಾದ ಅಜಿತ್ ಸಿಂಗ್ ಮತ್ತು ಜುಝಾರ್ ಸಿಂಗ್ ಇನ್ನೊಂದು ದಿಕ್ಕಾದರು.

ಹೊಳೆ ದಾಟಿದವರು ರೋಪಡದ ಹತ್ತಿರದ ಕೋಟ್ಲಾ ನಿಹಂಗ್‌ನಲ್ಲಿ ನಿಹಂಗ್ ಖಾನ್ ಎಂಬ ಪಠಾಣನ ಆಸರೆ ಪಡೆದು, ಅಲ್ಲಿಂದ ಚಮಕೌರಿಗೆ ಬಂದರು. ಒದ್ದೆ ಬಟ್ಟೆ, ನಿದ್ದೆಯಿಲ್ಲದ ಕಣ್ಣು, ಖಾಲಿ ಹೊಟ್ಟೆ. ಊರಿನ ದಿಬ್ಬದ ಮೇಲೆ ಎತ್ತರದ ಗೋಡೆಯ ಒಂದು ಮಣ್ಣಿನ ಮನೆಯಿತ್ತು. ಪಂಜಾಬಿನವರು ಅದನ್ನು ಕಚ್ಚಿ ಗಢಿ, ಹಸಿ ಮಣ್ಣಿನ ಕೋಟೆ, ಎಂದು ಕರೆದರೂ ಕೋಟೆ ಎಂಬುದು ಪ್ರೀತಿಯ ಮಾತು. ಅದಕ್ಕೆ ಬುರುಜಿಲ್ಲ, ಕಂದಕವಿಲ್ಲ. ದಪ್ಪ ಮಣ್ಣಿನ ಗೋಡೆ ಫಿರಂಗಿಯ ಗುಂಡನ್ನು ನುಂಗಿ ಸುಮ್ಮನಾಗುವುದುಂಟು. ನೂರು ವರ್ಷಗಳ ಆಮೇಲೆ, 1805ರಲ್ಲಿ, ಭರತಪುರದ ಮಣ್ಣಿನ ಕೋಟೆ ಇಂಗ್ಲಿಷರನ್ನು ಹಾಗೇ ಸುಸ್ತು ಮಾಡಿತು. ಆದರೆ ಅದು ಕೋಟೆಯೆಂದೇ ಕಟ್ಟಿದ್ದು. ಚಮಕೌರಿನದು ವಾಸದ ಮನೆ. ಅದು ಹೆಚ್ಚು ದಿನ ನಿಲ್ಲಲಾರದೆಂಬುದು ಒಳಗಿದ್ದವರಿಗೆ ಮೊದಲ ನೋಟಕ್ಕೇ ತಿಳಿದಿರಬೇಕು.

ಹೊರಗೆ ಎಷ್ಟು ಜನರಿದ್ದರು? ಗುರುವೇ ಆಮೇಲೆ ಪಾರ್ಸಿಯಲ್ಲಿ ಬರೆದ 'ಜಫರ್‌ನಾಮಾ' ಪದ್ಯಪತ್ರದಲ್ಲಿ, ಹಸಿದ ನಲವತ್ತು ಜನರ ಮೇಲೆ ಹತ್ತು ಲಕ್ಷ ಜನ ಬಿದ್ದರೆಂಬ ಮಾತು ಬರುತ್ತದೆ. ಔರಂಗಜೇಬನ ಕೊನೆಗಾಲದ ಆಜ್ಞೆಗಳನ್ನು ಇನಾಯತುಲ್ಲಾ ಖಾನ್ ಒಟ್ಟುಮಾಡಿದ 'ಅಹ್ಕಾಮ್-ಎ-ಆಲಮ್‌ಗೀರಿ'ಯಲ್ಲಿ ಬೇರೆಯೇ ಲೆಕ್ಕ ಸಿಗುತ್ತದೆ. ವಜೀರ್ ಖಾನ್ ಕಳಿಸಿದ್ದು 700 ಸವಾರರು ಮತ್ತು ತೋಪಖಾನೆ ಎಂದು ಅದು ಹೇಳುತ್ತದೆ. ಹತ್ತು ಲಕ್ಷ ಕಾವ್ಯದ ಸಂಖ್ಯೆ, ಎಣಿಕೆಯದಲ್ಲ. ಮೇಲಧಿಕಾರಿಗೆ ಬರೆಯುವ ಫೌಜದಾರನಿಗೂ ತನ್ನ ಸೈನ್ಯವನ್ನು ಕಿರಿದು ಮಾಡಿ ತೋರಿಸುವ ಕಾರಣಗಳಿರುತ್ತವೆ. ಜೊತೆಗೆ, ಆನಂದಪುರದಿಂದ ಬೆನ್ನಟ್ಟಿ ಬಂದವರು, ಬೆಟ್ಟದ ರಾಜರ ಕಡೆಯವರು ಈ ಏಳುನೂರರಲ್ಲಿ ಸೇರಿರಲಿಕ್ಕಿಲ್ಲ. ಆದರೂ ಏಳುನೂರೆಂದೇ ಇಟ್ಟುಕೊಂಡರೆ ಒಬ್ಬನಿಗೆ ಹದಿನೇಳು ಹದಿನೆಂಟು ಜನ, ಮೇಲೆ ಫಿರಂಗಿ. ನಲವತ್ತು ಜನ ಇಡೀ ಹಗಲು ಆ ಮನೆಯನ್ನು ಬಿಟ್ಟುಕೊಡಲಿಲ್ಲವೆಂಬ ಸಂಗತಿ ಅಷ್ಟರಿಂದಲೇ ಸಾಕಷ್ಟು ದೊಡ್ಡದು. ಅದಕ್ಕೆ ಲಕ್ಷಗಳ ಊರುಗೋಲು ಬೇಕಿಲ್ಲ.

ಕಾಳಗ ನಡೆದ ಬಗೆಯನ್ನು ಹಳೆಯ ಗ್ರಂಥಗಳಿಂದ ಹೆಕ್ಕಿ ಜೋಡಿಸಬಹುದು. ಗುರುವಿನ ಆಸ್ಥಾನದಲ್ಲಿದ್ದ ಸೇನಾಪತಿ ಎಂಬ ಕವಿಯ 'ಶ್ರೀ ಗುರ್ ಸೋಭಾ' ಇವುಗಳಲ್ಲಿ ಘಟನೆಗೆ ತೀರ ಹತ್ತಿರದ್ದು. ನಾಲ್ಕೂ ಗೋಡೆಗಳಿಗೆ ಕೆಲವರಂತೆ ಕಾವಲು ಹಂಚಿ, ಬಾಗಿಲಿಗೆ ಬೇರೆ ಜನರನ್ನಿಟ್ಟು, ಗುರು ಮೇಲಂತಸ್ತಿನಲ್ಲಿ ಬಿಲ್ಲು ಹಿಡಿದು ನಿಂತರೆಂದು ಪರಂಪರೆ ಹೇಳುತ್ತದೆ. ಮೊಗಲರ ಮೊದಲ ಯತ್ನ ಏಣಿಯದು. ನಾಹರ್ ಖಾನ್ ಎಂಬ ಸರದಾರ ಗೋಡೆಯ ಹತ್ತಿರ ಬಂದಾಗ ಬಾಣ ತಾಗಿ ಉರುಳಿದ್ದನ್ನು 'ಜಫರ್‌ನಾಮಾ'ವೇ ಹೆಸರಿಟ್ಟು ಹೇಳುತ್ತದೆ. ಖ್ವಾಜಾ ಎಂದು ಕರೆಸಿಕೊಂಡ ಇನ್ನೊಬ್ಬ ಗೋಡೆಯ ಮರೆ ಬಿಟ್ಟು ಹೊರಬರಲೇ ಇಲ್ಲವೆಂಬ ಹಂಗಣೆಯೂ ಅಲ್ಲಿದೆ. ಅವನ ಮುಖ ಕಂಡಿದ್ದರೆ ಒಂದು ಬಾಣವನ್ನು ಧಾರಾಳವಾಗಿ ಕೊಡುತ್ತಿದ್ದೆ ಎಂಬ ಧಾಟಿ. ದಾಳಿ ಮಾಡಿದವರು ಕಪ್ಪು ಬಟ್ಟೆ ತೊಟ್ಟ ನೊಣಗಳಂತೆ ಕಂಡರು ಎಂಬ ಚಿತ್ರವೂ ಅದರದೇ. ಸೋತು ಎಲ್ಲವನ್ನೂ ಕಳೆದುಕೊಂಡವನು ಗೆದ್ದ ಬಾದಶಹನಿಗೆ ಬರೆದ ಪತ್ರವಿದು. ಅದರ ಹೆಸರಿನ ಅರ್ಥ ವಿಜಯಪತ್ರ.

ಬಾಣ ಮತ್ತು ಮದ್ದುಗುಂಡು ಮುಗಿಯುತ್ತ ಬಂದಂತೆ ಒಳಗಿನವರು ಬೇರೆ ದಾರಿ ಹಿಡಿದರು. ಐದೈದು ಜನರ ಜತ್ಥೆಯಾಗಿ ಬಾಗಿಲು ತೆರೆದು ಹೊರಗೆ ನುಗ್ಗುವುದು, ಬೀಳುವವರೆಗೆ ಕಾದಾಡುವುದು. ಹೋದವರು ಮರಳುವುದಿಲ್ಲವೆಂದು ಹೋಗುವವರಿಗೂ ಕಳಿಸುವವರಿಗೂ ಗೊತ್ತಿತ್ತು. ಇದನ್ನು ಬರೀ ಆತ್ಮಾಹುತಿ ಎಂದು ಓದಿದರೆ ಯುದ್ಧದ ಲೆಕ್ಕ ತಪ್ಪಿಹೋಗುತ್ತದೆ. ಮಣ್ಣಿನ ಗೋಡೆಯ ಬುಡಕ್ಕೆ ಶತ್ರು ಬಂದರೆ ಅಗೆದು ಒಳಬರುವುದು ಕೆಲವೇ ಗಳಿಗೆಯ ಕೆಲಸ. ಒಂದೊಂದು ಜತ್ಥೆಯೂ ಹೊರಗೆ ಕಾದಾಡಿದಷ್ಟು ಹೊತ್ತು ದಂಡು ಗೋಡೆಯಿಂದ ದೂರ ಉಳಿಯುತ್ತಿತ್ತು. ಸಾಯುತ್ತಿದ್ದವರು ಸೂರ್ಯಾಸ್ತಕ್ಕೆ ಬೇಕಾದ ಗಳಿಗೆಗಳನ್ನು ಒಂದೊಂದಾಗಿ ಕೊಳ್ಳುತ್ತಿದ್ದರು.

ಅಜಿತ್ ಸಿಂಗ್‌ಗೆ ಆಗ 18ರ ಆಸುಪಾಸು. ತನ್ನ ಸರದಿ ಕೇಳಿ ಪಡೆದು ಒಂದು ಜತ್ಥೆಯ ಮುಂದಾಳಾಗಿ ಹೊರಟ. ಮೇಲಿನಿಂದ ತಂದೆ ನೋಡುತ್ತಿದ್ದರು. ಅವನು ಬಿದ್ದ ಮೇಲೆ 1691ರಲ್ಲಿ ಹುಟ್ಟಿದ, ಮೀಸೆಯೂ ಮೂಡದ ಜುಝಾರ್ ಸಿಂಗ್ ಹೊರಟ. ಪಂಜಾಬಿ ಮನೆಗಳಲ್ಲಿ ಅಜ್ಜಿಯರು ಈ ಭಾಗ ಹೇಳುವಾಗ, ಹುಡುಗ ನೀರು ಕೇಳಿದನೆಂದೂ, ಕುಡಿಯುವುದಿದ್ದರೆ ಅಣ್ಣನ ಹತ್ತಿರ ಹೋಗಿ ಕುಡಿ ಎಂದು ತಂದೆ ಅಂದರೆಂದೂ ಸೇರಿಸುವುದುಂಟು. ಅದು ನಡೆದ ಮಾತೋ ನೆನಪು ನೇಯ್ದ ಮಾತೋ, ಇತಿಹಾಸಕ್ಕೆ ದಕ್ಕುವಂಥದ್ದಲ್ಲ. ಇಬ್ಬರೂ ಆ ದಿನ ಮಡಿದರೆಂಬುದಕ್ಕೆ ಮಾತ್ರ ಮೊಗಲ್ ಕಾಗದಪತ್ರವೇ ಸಾಕ್ಷಿ. ಬೀದರಿನ ಸಾಹಿಬ್ ಸಿಂಗ್ ಹಾಗೂ ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್ ಬಿದ್ದದ್ದೂ ಅದೇ ಅಂಗಳದಲ್ಲಿ.

ಕತ್ತಲಾದಾಗ ಒಳಗೆ ಉಳಿದವರು ಕೆಲವೇ ಜನ. ಬೆಳಗಾದರೆ ತಾನೂ ಹೊರಗೆ ಹೋಗುವುದೆಂದು ಗುರು ನಿಶ್ಚಯಿಸಿದ್ದರು. ಉಳಿದ ಶಿಷ್ಯರು ಒಪ್ಪಲಿಲ್ಲ. ವಿನಂತಿ ಕೆಲಸಕ್ಕೆ ಬಾರದಿದ್ದಾಗ, ದಯಾ ಸಿಂಗ್‌ನ ಮುಂದಾಳತ್ವದಲ್ಲಿ ಐವರು ಒಂದಾಗಿ ನಿಂತು, ನೀವು ಇಲ್ಲಿಂದ ಹೊರಡಬೇಕು, ಇದು ಖಾಲ್ಸಾದ ಅಪ್ಪಣೆ ಎಂದರು. ಐವರು ಕೂಡಿದಲ್ಲಿ ಗುರುವೇ ಇರುತ್ತಾನೆ ಎಂಬುದು 1699ರಲ್ಲಿ ಗೋವಿಂದ ಸಿಂಗರೇ ಹಾಕಿಕೊಟ್ಟ ನಿಯಮ. ಅದರಡಿ ಬಂದ ಆಜ್ಞೆಯನ್ನು ಮೀರುವಂತಿರಲಿಲ್ಲ. ಗುರು ಒಪ್ಪಿದರು. ಸಿಖ್ ಚಿಂತನೆಯಲ್ಲಿ ಚಮಕೌರಿಗಿರುವ ತೂಕ ಹಗಲಿನ ಕಾಳಗದ್ದಕ್ಕಿಂತ ಈ ರಾತ್ರಿಯದು ಎಂದರೆ ತಪ್ಪಾಗಲಾರದು. ಆಡಿದ ಮಾತನ್ನು ಗುರು ತನ್ನ ಮೇಲೆಯೇ ಜಾರಿಯಾಗಲು ಬಿಟ್ಟ ರಾತ್ರಿ ಅದು.

ಸಂಗತ್ ಸಿಂಗ್ ಎಂಬವನ ಚಹರೆ ಗುರುವನ್ನು ಹೋಲುತ್ತಿತ್ತು. ಕೆಲವು ಗ್ರಂಥಗಳು ಅವನನ್ನು ಸಂತ್ ಸಿಂಗ್ ಎನ್ನುತ್ತವೆ. ಗುರು ತಮ್ಮ ಪಾಗಿನ ತುರಾಯಿ ತೆಗೆದು ಅವನಿಗೆ ತೊಡಿಸಿ, ತಾವು ಕೂರುತ್ತಿದ್ದ ಕಡೆ ಕೂರಿಸಿದರು. ಬೆಳಗಾದಾಗ ಹೊರಗಿನವರಿಗೆ ತುರಾಯಿ ಕಾಣಬೇಕು, ಅಷ್ಟೇ. ದಯಾ ಸಿಂಗ್, ಧರಮ್ ಸಿಂಗ್, ಮಾನ್ ಸಿಂಗ್ ಈ ಮೂವರು ಗುರುವಿನೊಂದಿಗೆ ಕತ್ತಲಲ್ಲಿ ಹೊರಬಿದ್ದರು. ಕಳ್ಳನಂತೆ ನುಸುಳುವುದು ಬೇಡವೆಂದು ಗುರು ಜೋರಾಗಿ ಕೈಚಪ್ಪಾಳೆ ತಟ್ಟಿ, ಹೋಗುತ್ತಿದ್ದೇನೆಂದು ಕೂಗಿದರಂತೆ. ನಿದ್ದೆಯಿಂದೆದ್ದ ಪಾಳೆಯದಲ್ಲಿ ಗಲಿಬಿಲಿಯಾಗಿ ತಮ್ಮವರೇ ತಮ್ಮವರ ಮೇಲೆ ಬಿದ್ದರು. ಪಂಜಾಬಿಯಲ್ಲಿ ಚಪ್ಪಾಳೆಗೆ ತಾಡಿ ಎನ್ನುತ್ತಾರೆ. ಆ ಜಾಗದ ಗುರುದ್ವಾರದ ಹೆಸರು ತಾಡಿ ಸಾಹಿಬ್.

ಮುಂದೆ ಜೊತೆಗಾರರಿಂದ ಬೇರ್ಪಟ್ಟ ಗುರು ಒಂಟಿಯಾಗಿ ಮಾಛಿವಾಡಾದ ಕಾಡು ಸೇರಿದರು. ಅಲ್ಲಿ ನಬೀ ಖಾನ್, ಗನೀ ಖಾನ್ ಎಂಬ ಪಠಾಣ ಕುದುರೆ ವ್ಯಾಪಾರಿ ಸೋದರರು ಅವರಿಗೆ ನೀಲಿ ನಿಲುವಂಗಿ ತೊಡಿಸಿ, ಇವರು ಉಚ್ ಊರಿನ ಪೀರರು ಎಂದು ಹೇಳಿ, ಮಂಚದಲ್ಲಿ ಹೊತ್ತು ಕಾವಲುಗಳನ್ನು ದಾಟಿಸಿದರು. ನಿಹಂಗ್ ಖಾನ್, ನಬೀ ಖಾನ್, ಗನೀ ಖಾನ್. ಇಡೀ ಪ್ರಸಂಗವನ್ನು ಹಿಂದೂ ಮುಸ್ಲಿಂ ಕಾದಾಟವೆಂದು ಸುಲಭಕ್ಕೆ ಹೇಳಿ ಮುಗಿಸುವವರಿಗೆ ಈ ಹೆಸರುಗಳು ಅಡ್ಡ ಬರುತ್ತವೆ. ಮುತ್ತಿಗೆ ಹಾಕಿದ ಬೆಟ್ಟದ ರಾಜರ ಹೆಸರುಗಳೂ ಅಷ್ಟೇ.

ಸಣ್ಣ ಮಕ್ಕಳ ಕಥೆ ಸರ್ಹಿಂದಿನಲ್ಲಿ ಮುಗಿಯಿತು. ಮನೆಯ ಹಳೆಯ ಅಡುಗೆಯವ ಗಂಗೂ ತನ್ನ ಹಳ್ಳಿಯಲ್ಲಿ ಆಸರೆ ಕೊಟ್ಟು ಆಮೇಲೆ ಅಧಿಕಾರಿಗಳಿಗೆ ಹಿಡಿದುಕೊಟ್ಟ. ವಜೀರ್ ಖಾನ್ ಆ ಮಕ್ಕಳನ್ನು ಚಳಿಗಾಲದಲ್ಲಿ ಠಂಡಾ ಬುರ್ಜ್ ಎಂಬ ಗೋಪುರದಲ್ಲಿರಿಸಿ, ಮತ ಬದಲಿಸಲು ಒಪ್ಪದಾಗ ಜೋರಾವರ್ ಸಿಂಗ್ ಮತ್ತು ಫತೇ ಸಿಂಗರನ್ನು ಕೊಲ್ಲಿಸಿದ. ಗೋಡೆಯೊಳಗೆ ಇಟ್ಟು ಕಟ್ಟಿದರೆಂದು ಪರಂಪರೆ ಹೇಳುತ್ತದೆ. ಹಿರಿಯವನು 1696ರಲ್ಲಿ, ಕಿರಿಯವನು 1699ರಲ್ಲಿ ಹುಟ್ಟಿದವನು. ಮಲೇರ್‌ಕೋಟ್ಲಾದ ನವಾಬ ಶೇರ್ ಮೊಹಮ್ಮದ್ ಖಾನ್ ಚಮಕೌರಿನ ಕಡೆ ಮೊಗಲರ ಪರವಾಗಿದ್ದವನು. ಆದರೂ ಮಕ್ಕಳನ್ನು ಕೊಲ್ಲುವುದು ತಪ್ಪೆಂದು ದರಬಾರಿನಲ್ಲಿ ಎದ್ದು ಹೇಳಿದ. ಆ ಒಂದು ಮಾತಿನ ಋಣವನ್ನು ಸಿಖ್ಖರು ಮರೆತಿಲ್ಲ. 1947ರ ದೇಶ ವಿಭಜನೆಯ ರಕ್ತಪಾತದಲ್ಲೂ ಮಲೇರ್‌ಕೋಟ್ಲಾ ಶಾಂತವಾಗಿ ಉಳಿದದ್ದಕ್ಕೆ ಪಂಜಾಬಿನವರು ಇದನ್ನೇ ಕಾರಣವಾಗಿ ಕೊಡುತ್ತಾರೆ.

ಬೆನ್ನಟ್ಟಿದ ವಜೀರ್ ಖಾನ್‌ನ ದಂಡಿಗೆ ಗುರು ಮತ್ತೆ ಎದುರಾದದ್ದು ಖಿದ್ರಾಣಾ ಎಂಬಲ್ಲಿ. ಸುತ್ತ ಒಣನೆಲ, ನಡುವೆ ಒಂದೇ ಕೆರೆ. ಬೇದಾವಾ ಬರೆದುಕೊಟ್ಟು ಹೋಗಿದ್ದ ಮಾಝಾದ ನಲವತ್ತು ಜನರನ್ನು ಮಾಯಿ ಭಾಗೋ ಎಂಬ ಹೆಂಗಸು ನಾಚಿಸಿ ಕರೆತಂದಿದ್ದಳು. ಅವರು ಕೆರೆಯ ದಡ ಹಿಡಿದು ಕಾದಾಡಿದರು. ನೀರು ಸಿಗದ ದಂಡು ಹಿಂದೆ ಸರಿಯಬೇಕಾಯಿತು. ಸಾಯುತ್ತಿದ್ದ ಮಹಾ ಸಿಂಗ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುರು ಅವನ ಎದುರಿಗೇ ಬೇದಾವಾ ಪತ್ರವನ್ನು ಹರಿದರು. ಖಿದ್ರಾಣಾ ಆಮೇಲೆ ಮುಕ್ತಸರವಾಯಿತು.

'ಜಫರ್‌ನಾಮಾ' ಬರೆದದ್ದು ದೀನಾ ಎಂಬ ಹಳ್ಳಿಯಲ್ಲಿ. ಚಮಕೌರಿನಿಂದ ಬದುಕಿ ಬಂದ ದಯಾ ಸಿಂಗ್ ಮತ್ತು ಧರಮ್ ಸಿಂಗ್ ಅದನ್ನು ಹೊತ್ತು ದಖ್ಖನಿಗೆ ಹೊರಟರು. ಅಷ್ಟರಲ್ಲಿ ಔರಂಗಜೇಬ್ ದೇವಾಪುರ ಬಿಟ್ಟು ಅಹಮದ್‌ನಗರ ಸೇರಿದ್ದ. ಬಾದಶಹ ಗುರುವನ್ನು ಮಾತುಕತೆಗೆ ಕರೆಸಲು ಅಪ್ಪಣೆ ಕೊಟ್ಟ. ಗುರು ದಕ್ಷಿಣದ ದಾರಿ ಹಿಡಿದರು. ಭೇಟಿಗೆ ಮೊದಲೇ, 1707ರ ಮಾರ್ಚ್‌ನಲ್ಲಿ, ಔರಂಗಜೇಬ್ ತೀರಿಕೊಂಡ. 1708ರ ಅಕ್ಟೋಬರ್‌ನಲ್ಲಿ ಗೋದಾವರಿ ದಡದ ನಾಂದೇಡಿನಲ್ಲಿ ಗುರು ಗೋವಿಂದ ಸಿಂಗರೂ ಕಣ್ಮುಚ್ಚಿದರು. ಅಲ್ಲಿಂದ ಅವರು ಪಂಜಾಬಿಗೆ ಕಳಿಸಿದ್ದ ಬಂದಾ ಸಿಂಗ್ ಬಹಾದ್ದೂರ್ 1710ರ ಮೇ 12ರಂದು ಛಪ್ಪರ್ ಚಿರಿಯ ಬಯಲಿನಲ್ಲಿ ವಜೀರ್ ಖಾನ್‌ನನ್ನು ಎದುರಿಸಿದ. ವಜೀರ್ ಖಾನ್ ಆ ಯುದ್ಧದಲ್ಲಿ ಸತ್ತ, ಸರ್ಹಿಂದ್ ಸಿಖ್ಖರ ಕೈಸೇರಿತು.

ಚಮಕೌರಿನ ಮಣ್ಣಿನ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗಢಿ ಸಾಹಿಬ್, ಮಕ್ಕಳು ಬಿದ್ದ ಜಾಗದಲ್ಲಿ ಕತಲ್‌ಗಢ್ ಸಾಹಿಬ್ ಗುರುದ್ವಾರಗಳಿವೆ. ಪ್ರತಿ ಡಿಸೆಂಬರ್‌ನಲ್ಲಿ, ದಟ್ಟ ಮಂಜಿನ ನಡುವೆ, ಅಲ್ಲಿ ಶಹೀದಿ ಜೋಡ್ ಮೇಳ ನಡೆಯುತ್ತದೆ. ಆ ದಿನಗಳಲ್ಲಿ ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗುವ ಕುಟುಂಬಗಳು ಪಂಜಾಬಿನಲ್ಲಿ ಇನ್ನೂ ಇವೆ. ಬೀದರಿನಲ್ಲಿ ಸಾಹಿಬ್ ಸಿಂಗ್‌ನ ನೆನಪು ನಾನಕ್ ಝೀರಾ ಗುರುದ್ವಾರದ ಯಾತ್ರಿಕರ ಮಾತಿನಲ್ಲಿ ಉಳಿದಿದೆ. ಆ ಊರಿನಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರದ ಜನವಾಡದಲ್ಲೂ ಒಂದು ಗುರುದ್ವಾರವಿದೆ. ಖಿದ್ರಾಣಾದಲ್ಲಿ ಗಾಯಗೊಂಡು ಬದುಕಿದ ಮಾಯಿ ಭಾಗೋ ನಾಂದೇಡಿನವರೆಗೆ ಗುರುವಿನ ಜೊತೆ ಬಂದು, ಅವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದು ನೆಲೆಸಿ ಮುಪ್ಪಿನಲ್ಲಿ ತೀರಿಕೊಂಡಳೆಂದು ಸಿಖ್ಖರು ನಂಬುತ್ತಾರೆ.